ಕಾರಿನ ಟೈರ್: ಆನ್‌ಲೈನ್‌ನಲ್ಲಿ ತರಿಸುವುದೋ, ತುಮಕೂರಿನ ಅಂಗಡಿಯಲ್ಲೇ ಹಾಕಿಸುವುದೋ?

ಕಾರಿನ ನಾಲ್ಕು ಟೈರ್‌ಗಳನ್ನು ಒಟ್ಟಿಗೆ ಬದಲಿಸುವುದು ಮಧ್ಯಮ ವರ್ಗದ ಮನೆಗೆ ಸಣ್ಣ ಖರ್ಚಲ್ಲ. ಬಿ.ಎಚ್. ರಸ್ತೆಯ ಅಂಗಡಿಯವರು ಹೇಳಿದ ದರಕ್ಕಿಂತ ಮೊಬೈಲಿನಲ್ಲಿ ಟೈರೊಂದಕ್ಕೆ ನಾಲ್ಕುನೂರೋ ಐನೂರೋ ರೂಪಾಯಿ ಕಡಿಮೆ ಕಂಡರೆ ಮನಸ್ಸು ಅತ್ತ ವಾಲುವುದು ಸಹಜ. ಬಂಧುಗಳೂ ಸಹೋದ್ಯೋಗಿಗಳೂ ನನ್ನನ್ನು ಕೇಳುವುದು ಇದನ್ನೇ: ಆನ್‌ಲೈನ್‌ನಲ್ಲಿ ತರಿಸಿಬಿಡಲೇ? ನಾನು ಅವರಿಗೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಬಂದ ಟೈರನ್ನು ರಿಮ್‌ಗೆ ಹಾಕಿಕೊಡುವವರು ಯಾರು? ಆರು ತಿಂಗಳಾದ ಮೇಲೆ ಅದರ ಪಕ್ಕ ಉಬ್ಬಿಕೊಂಡರೆ ಯಾರ ಬಳಿ ಹೋಗುತ್ತೀರಿ? ಎರಡಕ್ಕೂ ನಿಶ್ಚಿತವಾದ ಉತ್ತರವಿದ್ದರೆ ದರದ ಮಾತಿಗೆ ಬರಬಹುದು. ಇಲ್ಲದಿದ್ದರೆ ಆ ಐನೂರು ರೂಪಾಯಿ ಉಳಿತಾಯವಲ್ಲ, ಮುಂದೂಡಿದ ಖರ್ಚು.

ತುಮಕೂರು ಜಿಲ್ಲೆಯಲ್ಲಿರುವವರಿಗೆ ನಾಲ್ಕು ದಾರಿಗಳಿವೆ. ಎಲ್ಲ ಸಾಮಾನೂ ಮಾರುವ ಜಾಲತಾಣದಿಂದ ಟೈರನ್ನು ಮನೆಗೆ ತರಿಸಿ ಬೇರೆಲ್ಲಾದರೂ ಹಾಕಿಸುವುದು ಒಂದು. ಟೈರ್ ಕಂಪನಿಯದೋ ಟೈರ್ ಮಾರಾಟಕ್ಕೆಂದೇ ಇರುವ ತಾಣದ್ದೋ ವ್ಯವಸ್ಥೆಯಲ್ಲಿ ಆನ್‌ಲೈನ್‌ನಲ್ಲಿ ಆಯ್ದು, ಅವರು ಸೂಚಿಸುವ ಊರಿನ ಡೀಲರ್ ಬಳಿ ಹಾಕಿಸಿಕೊಳ್ಳುವುದು ಇನ್ನೊಂದು. ಮೂರನೆಯದು ನೇರವಾಗಿ ಸ್ಥಳೀಯ ಅಂಗಡಿ. ನಾಲ್ಕನೆಯದು ವಾಹನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿ ಬರುವುದು.

ಈ ನಾಲ್ಕನೆಯದನ್ನು ಮೊದಲೇ ಬದಿಗಿಡುತ್ತೇನೆ. ತುಮಕೂರಿನಿಂದ ಹೋಗಿ ಬರುವಷ್ಟರಲ್ಲಿ ಸುಮಾರು 140 ಕಿಲೋಮೀಟರ್. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರಿಗೆ ಪೆಟ್ರೋಲ್ ಖರ್ಚೇ ಸಾವಿರ ರೂಪಾಯಿಯ ಹತ್ತಿರ ಬರುತ್ತದೆ. ಮೇಲೆ ಟೋಲ್, ನಗರದ ದಟ್ಟಣೆ, ಅರ್ಧ ದಿನ. ಬೇರೆ ಕೆಲಸಕ್ಕೆ ಹೇಗೂ ಹೋಗುವವರಿಗೆ, ಅಪರೂಪದ ಅಳತೆಯ ಟೈರ್ ಬೇಕಾದವರಿಗೆ ಮಾತ್ರ ಅದು ಸರಿ.

ಪರದೆಯ ದರ ಮತ್ತು ಕೈಬಿಟ್ಟು ಹೋಗುವ ಹಣ

ಆನ್‌ಲೈನ್ ದರ ಎಂದರೆ ಬರೀ ಟೈರಿನ ದರ. ಅದನ್ನು ಹಾಕಿಸಲು ಹಳೆಯದನ್ನು ಕಳಚಬೇಕು, ಟ್ಯೂಬ್‌ಲೆಸ್ ವಾಲ್ವ್ ಹೊಸದಾಗಿ ಹಾಕಬೇಕು, ಪ್ರತಿ ಚಕ್ರವನ್ನೂ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿ ತೂಕ ಅಂಟಿಸಬೇಕು, ಕೊನೆಗೆ ವೀಲ್ ಅಲೈನ್‌ಮೆಂಟ್ ನೋಡಿಸಬೇಕು. ಟೈರ್ ತಮ್ಮಲ್ಲೇ ಕೊಂಡರೆ ಅಂಗಡಿಯವರು ಇವುಗಳಲ್ಲಿ ಕೆಲವನ್ನು ದರದೊಳಗೇ ಸೇರಿಸುತ್ತಾರೆ. ಹೊರಗಿನಿಂದ ತಂದ ಟೈರ್‌ಗೆ ಒಂದೊಂದಕ್ಕೂ ಬೇರೆ ಕೂಲಿ ಹಿಡಿಯುತ್ತಾರೆ, ಕೆಲವರು ಮುಟ್ಟುವುದೂ ಇಲ್ಲ. ಅವರನ್ನು ದೂರುವುದು ನ್ಯಾಯವಲ್ಲ. ಯಂತ್ರ, ಬಾಡಿಗೆ, ಆಳಿನ ಸಂಬಳ ಎಲ್ಲವೂ ಟೈರ್ ಮಾರಾಟದ ಲಾಭದ ಮೇಲೆ ನಿಂತಿರುವಾಗ ಆ ಲಾಭ ಬೇರೆಯವರಿಗೆ ಹೋಗಿ ಜವಾಬ್ದಾರಿ ಮಾತ್ರ ತಮಗೆ ಬಂದರೆ ಯಾರೂ ಖುಷಿಯಿಂದ ಒಪ್ಪುವುದಿಲ್ಲ.

ಹಳೆಯ ಟೈರ್‌ಗಳ ವಿಷಯವೂ ಇದೆ. ಸ್ಥಳೀಯ ಅಂಗಡಿಯಲ್ಲಿ ಅವುಗಳನ್ನು ವಾಪಸ್ ಪಡೆದು ಬಿಲ್ಲಿನಲ್ಲಿ ಅಷ್ಟೋ ಇಷ್ಟೋ ಕಳೆಯುತ್ತಾರೆ. ಆನ್‌ಲೈನ್‌ನಲ್ಲಿ ಕೊಂಡರೆ ಅವು ಮನೆಯ ಹಿತ್ತಿಲಿಗೆ ಬರುತ್ತವೆ, ಮಳೆ ನೀರು ನಿಂತು ಡೆಂಗಿ ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತವೆ. ಅಳವಡಿಸುವ ಅಂಗಡಿಯಲ್ಲೇ ಬಿಟ್ಟು ಬನ್ನಿ, ಕಾಸು ಸಿಗದಿದ್ದರೂ ಸರಿ.

ಲೆಕ್ಕ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟೈರೊಂದಕ್ಕೆ 400 ರೂಪಾಯಿಯಂತೆ ನಾಲ್ಕಕ್ಕೆ 1,600 ರೂಪಾಯಿ ಉಳಿಯಿತು ಎನ್ನಿ. ಕಳಚಿ ಹಾಕುವ ಕೂಲಿ, ವಾಲ್ವ್, ಬ್ಯಾಲೆನ್ಸಿಂಗ್ ಸೇರಿ ಚಕ್ರಕ್ಕೆ 250 ಆದರೆ ಅಲ್ಲಿಗೆ ಸಾವಿರ ಹೋಯಿತು. ಹಳೆಯ ಟೈರಿಗೆ ತಲಾ 150 ಸಿಗುವುದಿತ್ತು ಎಂದರೆ ಇನ್ನೂ 600 ಹೋಯಿತು. ಉಳಿತಾಯ ಸೊನ್ನೆ. ನಿಮ್ಮ ಬಡಾವಣೆಯ ದರಗಳು ಬೇರೆ ಇರುತ್ತವೆ. ಆದರೆ ಅಂಗಡಿಯವರಿಂದ ‘ಎಲ್ಲ ಸೇರಿ, ಹಳೆಯದನ್ನು ಕಳೆದು, ಬಿಲ್ ಸಹಿತ ಎಷ್ಟು?’ ಎಂಬ ಒಂದೇ ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಂಡ ಮೇಲಷ್ಟೇ ಮೊಬೈಲ್ ತೆರೆಯಿರಿ. ನೆರೆಯವರ ಹಳೆಯ ಬಿಲ್ಲಿಗೆ ಹೋಲಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಹಾಗಾಗಿ ಅದಕ್ಕಿಂತ ಹಿಂದಿನ ದರಗಳು ಈಗ ಹೋಲಿಕೆಗೆ ಬರುವುದಿಲ್ಲ.

ಕಾರಿನ ಹೆಸರು ಒತ್ತಿದರೆ ಸಾಲದು

ಜಾಲತಾಣದಲ್ಲಿ ಕಾರಿನ ಹೆಸರು ಆಯ್ದರೆ ಟೈರ್‌ಗಳ ಪಟ್ಟಿ ಬರುತ್ತದೆ. ಎಡವಟ್ಟು ಅಲ್ಲೇ ಶುರು. ಮಾರುತಿ ಸ್ವಿಫ್ಟ್ ಒಂದನ್ನೇ ತೆಗೆದುಕೊಳ್ಳಿ. ಕಡಿಮೆ ಬೆಲೆಯ ಮಾದರಿಗಳಲ್ಲಿ 165/80 ಆರ್14, ಮೇಲಿನ ಮಾದರಿಗಳಲ್ಲಿ 185/65 ಆರ್15 ಅಳತೆಯ ಟೈರ್‌ಗಳು ಬಂದಿವೆ. ಎರಡರ ಒಟ್ಟು ಎತ್ತರ ಹೆಚ್ಚು ಕಡಿಮೆ ಒಂದೇ, ಸುಮಾರು 620 ಮಿಲಿಮೀಟರ್. ನೋಡಲು ಒಂದೇ ಎನಿಸಿದರೂ 15 ಇಂಚಿನ ಟೈರ್ 14 ಇಂಚಿನ ರಿಮ್ ಮೇಲೆ ಕೂರುವುದೇ ಇಲ್ಲ. ವ್ಯಾಗನ್ ಆರ್‌ನಲ್ಲೂ 13 ಮತ್ತು 14 ಇಂಚು, ಕ್ರೆಟಾದಲ್ಲಿ 16 ಮತ್ತು 17 ಇಂಚು ಎರಡೂ ಇವೆ. ಆದ್ದರಿಂದ ಕಾರಿನ ಹೆಸರನ್ನು ನಂಬದೆ, ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯನ್ನೂ ಈಗಿರುವ ಟೈರಿನ ಮೈಮೇಲಿನ ಬರಹವನ್ನೂ ಓದಿ, ಎರಡೂ ಹೊಂದಿದ ಮೇಲೆ ಆ ಅಂಕಿಯನ್ನೇ ಹುಡುಕಿ.

ಅಳತೆಯ ಪಕ್ಕದಲ್ಲಿ 88ಎಚ್, 85ಟಿ ಎಂಬಂಥ ಇನ್ನೊಂದು ಬರಹ ಇರುತ್ತದೆ. ಅಗ್ಗದ ಟೈರ್ ಹುಡುಕುವವರು ಇದನ್ನು ದಾಟಿಸಿಬಿಡುತ್ತಾರೆ. ಅಂಕಿ ಹೊರುವ ಭಾರವನ್ನು ಹೇಳುತ್ತದೆ: 88 ಎಂದರೆ ಒಂದು ಟೈರಿಗೆ 560 ಕಿಲೋ, 85 ಎಂದರೆ 515 ಕಿಲೋ, 82 ಎಂದರೆ 475 ಕಿಲೋ. ಅಕ್ಷರ ವೇಗದ ಮಿತಿ: ಟಿ ಎಂದರೆ ಗಂಟೆಗೆ 190, ಎಚ್ ಎಂದರೆ 210 ಕಿಲೋಮೀಟರ್. ಅಷ್ಟು ವೇಗದಲ್ಲಿ ನಾವು ಓಡಿಸುವುದಿಲ್ಲ ನಿಜ, ಆದರೆ ಆ ಅಕ್ಷರ ಟೈರ್ ಎಷ್ಟು ಬಿಸಿ ತಡೆಯಬಲ್ಲದು ಎಂಬುದರ ಅಳತೆಯೂ ಹೌದು. ತಿಪಟೂರಿನಿಂದ ಐವರು ಕುಳಿತು, ಡಿಕ್ಕಿಗೆ ಕೊಬ್ಬರಿ ಮೂಟೆ ತುಂಬಿಕೊಂಡು, ಏಪ್ರಿಲ್ ಮಧ್ಯಾಹ್ನದ ಹೆದ್ದಾರಿಯಲ್ಲಿ ಹೊರಡುವ ಕಾರಿಗೆ ಈ ಎರಡು ಗುರುತುಗಳು ಅಲಂಕಾರವಲ್ಲ. ಕಂಪನಿ ಹಾಕಿಕೊಟ್ಟದ್ದಕ್ಕಿಂತ ಕಡಿಮೆ ಅಂಕಿಯ ಟೈರ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಐಎಸ್‌ಐ ಗುರುತು, ಅದರ ಜೊತೆಗೆ ಐಎಸ್ 15633 ಎಂಬ ಸಂಖ್ಯೆ ಟೈರಿನ ಮೇಲೆ ಇರಲೇಬೇಕು. ಇದು ಆಮದು ಟೈರ್‌ಗೂ ಅನ್ವಯ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ (ತರಿಸಲು ಪರವಾನಗಿ ಬೇಕಾದ) ಪಟ್ಟಿಗೆ ಸೇರಿಸಿದೆ. ಹಾಗಿರುವಾಗ ಕೇಳಿರದ ವಿದೇಶಿ ಹೆಸರಿನ ಟೈರ್ ತೀರಾ ಅಗ್ಗವಾಗಿ ಕಂಡರೆ ಅದು ಎಷ್ಟು ವರ್ಷ ಹಳೆಯ ದಾಸ್ತಾನು ಎಂಬ ಸಂದೇಹ ಬರಬೇಕು.

ನಾಲ್ಕು ಅಂಕಿಗಳ ದಿನಾಂಕ

ಆನ್‌ಲೈನ್ ಖರೀದಿಯಲ್ಲಿ ನನಗೆ ಅತ್ಯಂತ ಅಸಮಾಧಾನ ತರುವ ಸಂಗತಿ ಇದು. ಟೈರಿನ ಮೈಮೇಲೆ ಡಾಟ್ (DOT) ಎಂದು ಶುರುವಾಗುವ ಬರಹದ ಕೊನೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಉಳಿದೆರಡು ವರ್ಷ. 2324 ಎಂದಿದ್ದರೆ 2024ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ರಬ್ಬರ್ ಓಡದೆ ಕೂತಿದ್ದರೂ ಗಾಳಿ, ಬಿಸಿ, ಬೆಳಕಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಗ್ರಿಪ್, ಅಂದರೆ ನೆಲಕ್ಕೆ ತಾಗುವ ಮೈಯ ಗೀರುಗಳು, ಪೂರ್ತಿ ಇದ್ದರೂ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವ ಮನೆಯ ಕಾರಿನಲ್ಲಿ ಟೈರ್ ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಅಂಥವರಿಗೆ ಎರಡು ವರ್ಷ ಹಳೆಯ ‘ಹೊಸ’ ಟೈರ್ ಎಂದರೆ ಬಾಳಿಕೆಯ ದೊಡ್ಡ ಪಾಲು ಗೋದಾಮಿನಲ್ಲೇ ಮುಗಿದಂತೆ.

ಅಂಗಡಿಯಲ್ಲಾದರೆ ಬಗ್ಗಿ ನೋಡಬಹುದು, ‘ಇದು ಬೇಡ, ಬೇರೆ ತೋರಿಸಿ’ ಎನ್ನಬಹುದು. ಮನೆಗೆ ತರಿಸುವ ತಾಣಗಳಲ್ಲಿ ಆ ಅವಕಾಶ ಸಾಮಾನ್ಯವಾಗಿ ಇಲ್ಲ. ಚಿತ್ರದಲ್ಲಿರುವ ಟೈರ್ ಬೇರೆ, ಬರುವ ಟೈರ್ ಬೇರೆ. ಪಾವಗಡದಲ್ಲಿರುವ ನನ್ನ ಭಾವನವರ ಬೊಲೆರೊಗೆ ಹಿಂದಿನ ಎರಡು ಟೈರ್ ತರಿಸಿದಾಗ ಒಂದಕ್ಕೂ ಇನ್ನೊಂದಕ್ಕೂ ವಯಸ್ಸಿನಲ್ಲಿ ವರ್ಷಕ್ಕೂ ಹೆಚ್ಚು ಅಂತರವಿತ್ತು. ಮಾರಾಟಗಾರರ ಉತ್ತರ, ಎರಡೂ ಹೊಸವೇ, ಹಿಂದಿರುಗಿಸಲು ಕಾರಣವಿಲ್ಲ ಎಂದು. ತಾಂತ್ರಿಕವಾಗಿ ಬಳಸದ ಟೈರ್ ಹೊಸದೇ. ಅದಕ್ಕೇ ಆರ್ಡರ್ ಮಾಡುವ ಮೊದಲು ಮಾರಾಟಗಾರರಿಗೆ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ: ತಯಾರಿಕೆಯ ವಾರ ಮತ್ತು ವರ್ಷ ಯಾವುದು, ಎರಡಕ್ಕೂ ಒಂದೇ ಇರುತ್ತದೆಯೇ? ಉತ್ತರ ಬರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ. ನನ್ನ ಮಿತಿ ಹೀಗೆ: ಆರು ತಿಂಗಳೊಳಗಿನದಾದರೆ ನಿಶ್ಚಿಂತೆ, ಒಂದು ವರ್ಷದವರೆಗೆ ಒಪ್ಪಬಹುದು, ಅದಕ್ಕಿಂತ ಹಳೆಯದಾದರೆ ದರ ಚೆನ್ನಾಗಿ ಇಳಿದಿರಬೇಕು, ಎರಡು ವರ್ಷ ದಾಟಿದ್ದರೆ ಬೇಡ.

ಇನ್ನೊಂದು ಮಾತು. ಆ ನಾಲ್ಕು ಅಂಕಿಗಳು ಹಲವು ಟೈರ್‌ಗಳಲ್ಲಿ ಒಂದೇ ಪಕ್ಕದಲ್ಲಿರುತ್ತವೆ. ಹಾಕಿಸಿದ ಮೇಲೆ ಅದು ಒಳಗಡೆಗೆ ಹೋಗಿಬಿಟ್ಟರೆ ಕಾಣುವುದಿಲ್ಲ. ರಿಮ್‌ಗೆ ಏರಿಸುವ ಮೊದಲೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.

ಪಾರ್ಸೆಲ್ ಬಂದಾಗ

ತುಮಕೂರು ನಗರದ ಪಿನ್‌ಕೋಡ್‌ಗೆ ಮನೆ ಬಾಗಿಲಿಗೆ ಬರುವ ಟೈರ್, ಮಧುಗಿರಿ, ಪಾವಗಡ, ಚಿಕ್ಕನಾಯಕನಹಳ್ಳಿಯ ಹಳ್ಳಿಗಳಿಗೆ ಹಾಗೆಯೇ ಬರುತ್ತದೆ ಎಂದು ಹೇಳಲಾಗದು. ನಾಲ್ಕು ಟೈರ್ ಎಂದರೆ ಮೂವತ್ತು ಕಿಲೋ ಆಸುಪಾಸಿನ, ಜಾಗ ತಿನ್ನುವ ಸರಕು. ಸಾಗಣೆಯವರು ಪಟ್ಟಣದ ಗೋದಾಮಿನಲ್ಲಿಟ್ಟು ಬಂದು ಒಯ್ಯಿರಿ ಎನ್ನುವುದುಂಟು, ಎರಡು ಇಂದು ಎರಡು ಮುಂದಿನ ವಾರ ಬರುವುದೂ ಉಂಟು. ಬಹುತೇಕ ಟೈರ್‌ಗಳಿಗೆ ಪೆಟ್ಟಿಗೆಯಿರುವುದಿಲ್ಲ, ಪ್ಲಾಸ್ಟಿಕ್ ಹಾಳೆ ಸುತ್ತಿರುತ್ತಾರೆ. ಭಾರದಡಿ ಒತ್ತಿಸಿಕೊಂಡು ರಿಮ್ ಹಿಡಿಯುವ ಒಳ ಅಂಚು ಮಡಚಿಹೋಗಿದ್ದರೆ ಆ ಟೈರ್‌ನಲ್ಲಿ ಗಾಳಿ ನಿಲ್ಲುವುದು ಕಷ್ಟ. ಹಾಳೆ ಬಿಚ್ಚುವುದನ್ನು ವಿಡಿಯೊ ಮಾಡಿ, ಒಳ ಅಂಚಿನ ಸುತ್ತಲೂ ಬೆರಳಾಡಿಸಿ ನೋಡಿ. ಏನಾದರೂ ಲೋಪ ಕಂಡರೆ ಹಾಕಿಸಲೇಬೇಡಿ. ಒಮ್ಮೆ ರಿಮ್‌ಗೆ ಏರಿದ ಟೈರನ್ನು ವಾಪಸ್ ಪಡೆಯುವ ಮಾರಾಟಗಾರರು ಸಿಗುವುದು ದುರ್ಲಭ.

ಅಳವಡಿಸುವ ಅಂಗಡಿಯನ್ನು ಟೈರ್ ಬಂದ ಮೇಲೆ ಹುಡುಕಬಾರದು. ಕ್ಯಾತಸಂದ್ರವೋ ಬಟವಾಡಿಯೋ ಶಿರಾ ಗೇಟ್ ಕಡೆಯೋ, ನಿಮಗೆ ಹತ್ತಿರದ ಅಂಗಡಿಗೆ ಹೋಗಿ ಮೊದಲೇ ಕೇಳಿಕೊಳ್ಳಿ: ಹೊರಗಿನ ಟೈರ್ ಹಾಕುತ್ತೀರಾ, ಕೂಲಿ ಎಷ್ಟು, ಹಾಕುವಾಗ ಅಂಚು ಹರಿದರೆ ಯಾರ ಹೊಣೆ? ಈ ಕೊನೆಯ ಪ್ರಶ್ನೆಗೆ ಸಾಮಾನ್ಯ ಉತ್ತರ ‘ನಮ್ಮದಲ್ಲ’ ಎಂದೇ. ಆಗ ಮಾರಿದವರು ಹಾಕಿದವರತ್ತ, ಹಾಕಿದವರು ಮಾರಿದವರತ್ತ ಬೊಟ್ಟು ಮಾಡುತ್ತಾರೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಕಬ್ಬಿಣದ ಸಲಾಕೆಯಿಂದ ಮೀಟಿ ಹಾಕಿಸುವ ಯೋಚನೆಯನ್ನಂತೂ ಬಿಡಿ. ಅಲಾಯ್ ಚಕ್ರವಿದ್ದರೆ ರಿಮ್ ಗೀಚಿ ಹೋಗುತ್ತದೆ, ಟೈರಿನ ಅಂಚಿಗೂ ಕುತ್ತು. ಕೆಲವು ಟೈರ್‌ಗಳ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು, ಇನ್ನು ಕೆಲವುಗಳ ಮೇಲೆ ಯಾವ ಮೈ ಹೊರಗಿರಬೇಕು ಎಂಬ ಬರಹ ಇರುತ್ತದೆ. ಅದನ್ನು ಗಮನಿಸಿ ಹಾಕುವ ಕೈ ಬೇಕು.

ಉಬ್ಬು ಬಂದರೆ ಯಾರು ಹೊಣೆ?

ವಾರಂಟಿ ಕೊಡುವುದು ತಯಾರಕ ಕಂಪನಿಯೇ ಹೊರತು ಅಂಗಡಿಯಲ್ಲ ಎಂಬುದು ನಿಜ. ಆನ್‌ಲೈನ್ ಮಾರಾಟಗಾರರು ಇದನ್ನೇ ಮುಂದಿಟ್ಟು ಎಲ್ಲಿ ಕೊಂಡರೂ ಒಂದೇ ಎನ್ನುತ್ತಾರೆ. ಆದರೆ ವಾರಂಟಿ ಕೇಳುವ ಕೆಲಸ ಹೇಗೆ ನಡೆಯುತ್ತದೆ ನೋಡಿ. ಡೀಲರ್ ನಿಮ್ಮ ಟೈರನ್ನು ಕಳಚಿಟ್ಟುಕೊಂಡು ಕ್ಲೇಮ್ ಬರೆಯಬೇಕು, ಕಂಪನಿಯ ಪರಿಣತರು ಬಂದೋ ತರಿಸಿಕೊಂಡೋ ಪರೀಕ್ಷಿಸಬೇಕು, ತಯಾರಿಕೆಯ ದೋಷವೆಂದು ಒಪ್ಪಿದರೆ ಸವೆದ ಗ್ರಿಪ್ಪಿನ ಪಾಲನ್ನು ಕಳೆದು ಉಳಿದ ಬೆಲೆಯಷ್ಟು ರಿಯಾಯಿತಿ ಸಿಗುತ್ತದೆ. ಅರ್ಧ ಸವೆದಿದ್ದರೆ ಸುಮಾರು ಅರ್ಧ ಬೆಲೆ. ಗುಂಡಿಗೆ ಬಿದ್ದು ಪಕ್ಕ ಉಬ್ಬಿದ್ದರೆ ಅದು ಪೆಟ್ಟಿನಿಂದಾದದ್ದು, ದೋಷವಲ್ಲ ಎಂದು ತಳ್ಳಿಹಾಕುವುದೇ ಹೆಚ್ಚು. ಕೆಲವು ಕಂಪನಿಗಳು ಆಯ್ದ ಟೈರ್‌ಗಳಿಗೆ ಪೆಟ್ಟಿನ ಹಾನಿಗೂ ಸೀಮಿತ ರಕ್ಷಣೆ ಕೊಡುತ್ತವೆ, ಆದರೆ ನಿಗದಿತ ದಿನಗಳೊಳಗೆ ನೋಂದಣಿ ಮಾಡಿಸಿರಬೇಕು, ಅಧಿಕೃತ ಡೀಲರ್‌ ಬಿಲ್ ಇರಬೇಕು ಎಂಬ ಷರತ್ತುಗಳಿರಬಹುದು. ಬಿಲ್ ಇಲ್ಲದಿದ್ದರೆ ವಾರಂಟಿಯನ್ನು ತಯಾರಿಕೆಯ ದಿನಾಂಕದಿಂದ ಎಣಿಸುವುದೂ ಉಂಟು. ಹಳೆಯ ದಾಸ್ತಾನು ಇಲ್ಲಿ ಮತ್ತೊಮ್ಮೆ ಹೊಡೆತ ಕೊಡುತ್ತದೆ.

ಈ ಓಡಾಟದಲ್ಲಿ ತನ್ನ ಗಿರಾಕಿಗಾಗಿ ಕಂಪನಿಯೊಡನೆ ಮಾತಾಡುವ ಡೀಲರ್ ಬೇರೆ, ಗುರುತಿಲ್ಲದವರ ಟೈರನ್ನು ಮೂಲೆಗಿಟ್ಟು ಮರೆಯುವ ಡೀಲರ್ ಬೇರೆ. ಸ್ಥಳೀಯವಾಗಿ ಕೊಡುವ ಹೆಚ್ಚುವರಿ ಹಣ ಹೋಗುವುದು ಮುಖ್ಯವಾಗಿ ಇದಕ್ಕೇ.

ಹಾಗೆಂದು ಊರಿನ ಅಂಗಡಿಗಳೆಲ್ಲ ಗಂಗೆಯಷ್ಟು ಶುದ್ಧವಲ್ಲ. ತಮಗೆ ಹೆಚ್ಚು ಲಾಭ ಬರುವ ಕಂಪನಿಯನ್ನೇ ಹೊಗಳುವವರು, ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ ಎನ್ನುವವರು, ದಿನಾಂಕ ನೋಡಲು ಹೋದರೆ ಮುಖ ಸಿಂಡರಿಸುವವರು ಇಲ್ಲೂ ಇದ್ದಾರೆ. ಬಿಲ್ ಇಲ್ಲದ ಟೈರ್‌ಗೆ ವಾರಂಟಿ ಪಡೆಯುವುದೂ ಕಷ್ಟ, ಗ್ರಾಹಕರ ಹಕ್ಕನ್ನು ಸಾಧಿಸಲು ಆಧಾರವೂ ಇಲ್ಲ. ಅಂಥ ಅಂಗಡಿಗಿಂತ ಸರಿಯಾದ ಬಿಲ್ ಕೊಡುವ ಜಾಲತಾಣವೇ ವಾಸಿ.

ಜಾಲತಾಣದ ಪರವಾಗಿ ಇನ್ನೊಂದು ಮಾತು ಹೇಳಲೇಬೇಕು. ಕಾನೂನು ಗ್ರಾಹಕರ ಕೈ ಬಿಟ್ಟಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ವಿವರ ಮತ್ತು ಹಿಂದಿರುಗಿಸುವ ಷರತ್ತುಗಳನ್ನು ಪ್ರಕಟಿಸಬೇಕು, ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರ ದೆಹಲಿಯಲ್ಲಿದ್ದರೂ ಪ್ರಕರಣ ತುಮಕೂರಿನಲ್ಲೇ ನಡೆಯುತ್ತದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ ಆ ದೂರು ತೀರ್ಮಾನವಾಗುವವರೆಗೆ ಕಾರು ಉಬ್ಬಿದ ಟೈರಿನ ಮೇಲೆ ಓಡುವಂತಿಲ್ಲ, ಹೊಸ ಟೈರಿಗೆ ಮತ್ತೆ ಹಣ ಹೂಡಲೇಬೇಕು.

ಯಾರಿಗೆ ಯಾವುದು

ಮಾರುತಿ, ಹುಂಡೈ, ಟಾಟಾದ ಸಾಮಾನ್ಯ ಅಳತೆಯ ಕಾರು, ತುಮಕೂರು ನಗರ ಅಥವಾ ಸುತ್ತಲಿನ ತಾಲ್ಲೂಕು ಕೇಂದ್ರದಲ್ಲಿ ಮನೆ: ಸ್ಥಳೀಯ ಅಧಿಕೃತ ಡೀಲರ್ ಬಳಿಯೇ ಹಾಕಿಸಿ. ಆನ್‌ಲೈನ್ ದರವನ್ನು ಚೌಕಾಸಿಗೆ ಬಳಸಿ. ಮೊಬೈಲ್ ತೋರಿಸಿ ಸಭ್ಯವಾಗಿ ಕೇಳಿದರೆ ಪೂರ್ತಿಯಲ್ಲದಿದ್ದರೂ ಅಂತರದ ಅರ್ಧದಷ್ಟನ್ನಾದರೂ ಬಿಡುವವರಿದ್ದಾರೆ, ಇಲ್ಲವೇ ಅಲೈನ್‌ಮೆಂಟ್ ಉಚಿತವಾಗಿ ಮಾಡಿಕೊಡುತ್ತಾರೆ.

ನಿಮಗೆ ಬೇಕಾದ ಕಂಪನಿಯ ಟೈರೋ ಅಳತೆಯೋ ಊರಿನಲ್ಲಿ ಸಿಗುತ್ತಿಲ್ಲ ಎಂದಾದರೆ ಎರಡನೆಯ ದಾರಿ ಸರಿ: ಆನ್‌ಲೈನ್‌ನಲ್ಲಿ ಆಯ್ದು ಡೀಲರ್ ಬಳಿ ಹಾಕಿಸಿಕೊಳ್ಳುವುದು. ಟೈರ್ ನೇರ ಡೀಲರ್ ಅಂಗಡಿಗೇ ಬರುತ್ತದೆ, ದಿನಾಂಕ ನೋಡಿ ಒಪ್ಪಬಹುದು, ಬಿಲ್ಲಿನಲ್ಲಿ ಹೊಣೆಗಾರರ ಹೆಸರಿರುತ್ತದೆ. ಹಣ ಕಟ್ಟುವ ಮೊದಲು ಆ ಡೀಲರ್‌ಗೆ ಫೋನ್ ಮಾಡಿ, ಪಟ್ಟಿಯಲ್ಲಿರುವ ಅಂಗಡಿ ಈಗಲೂ ಆ ವ್ಯವಸ್ಥೆಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹತ್ತಿರದ ಅಳವಡಿಕೆ ಕೇಂದ್ರ ನೆಲಮಂಗಲವೋ ಬೆಂಗಳೂರೋ ಆಗಿದ್ದರೆ ಆ ಓಡಾಟವನ್ನೂ ದರಕ್ಕೆ ಸೇರಿಸಿ.

ಮನೆಗೇ ತರಿಸುವುದು ನನ್ನ ದೃಷ್ಟಿಯಲ್ಲಿ ಒಂದೇ ಸಂದರ್ಭಕ್ಕೆ ಹೊಂದುತ್ತದೆ: ಟೈರ್ ಅಂಗಡಿಯವರು ನಿಮ್ಮ ಬಹುಕಾಲದ ಪರಿಚಯಸ್ಥರು, ಹೊರಗಿನ ಟೈರ್ ಹಾಕಲು ಒಪ್ಪಿದ್ದಾರೆ, ಮಾರಾಟಗಾರರು ದಿನಾಂಕವನ್ನು ಬರಹದಲ್ಲಿ ತಿಳಿಸಿದ್ದಾರೆ, ಎಲ್ಲ ಕಳೆದ ಮೇಲೂ ಎರಡು ಸಾವಿರಕ್ಕಿಂತ ಹೆಚ್ಚು ಉಳಿಯುತ್ತದೆ. ಇದರಲ್ಲಿ ಒಂದು ತಪ್ಪಿದರೂ ಬೇಡ. ಜಾಹೀರಾತು ತಾಣಗಳಲ್ಲಿ ಬಿಡಿ ವ್ಯಕ್ತಿಗಳು ಮಾರುವ ‘ಸ್ವಲ್ಪ ಓಡಿದ’ ಟೈರ್‌ಗಳನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಸವೆದ ಟೈರಿನ ಮೇಲೆ ಮತ್ತೆ ಗ್ರಿಪ್ ಕೊರೆದು ಮಾರುವವರಿದ್ದಾರೆ, ಒಳಗಿನ ಹಾನಿ ಫೋಟೊದಲ್ಲಿ ಕಾಣುವುದಿಲ್ಲ.

ಈಗಿರುವ ಟೈರ್ ಬದಲಿಸಲೇಬೇಕೇ ಎಂದು ತಿಳಿಯಲು ಗ್ರಿಪ್ಪಿನ ಸಾಲುಗಳ ನಡುವೆ ಅಡ್ಡಲಾಗಿರುವ ಸಣ್ಣ ದಿಬ್ಬ ನೋಡಿ. ಟೈರ್ ಸವೆದು ಆ ದಿಬ್ಬಕ್ಕೆ ಸಮನಾದರೆ ಆಳ 1.6 ಮಿಲಿಮೀಟರ್‌ಗೆ ಇಳಿದಿದೆ ಎಂದರ್ಥ, ಕಾನೂನಿನ ಮಿತಿಯೂ ಅಷ್ಟೇ. ಮಳೆಗಾಲಕ್ಕೆ ಮುನ್ನ ಅದರ ಎರಡರಷ್ಟು ಆಳವಿರುವಾಗಲೇ ಬದಲಿಸುವುದು ಕ್ಷೇಮ. ಅವಸರವಾದಾಗಲೇ ಕೆಟ್ಟ ಖರೀದಿಗಳು ನಡೆಯುವುದರಿಂದ ಒಂದು ತಿಂಗಳ ಮೊದಲೇ ವಿಚಾರಿಸಲು ಶುರುಮಾಡಿ.

ಎರಡೇ ಟೈರ್ ಕೊಳ್ಳುವುದಾದರೆ ಅವು ಒಂದೇ ಕಂಪನಿಯ ಒಂದೇ ಮಾದರಿಯ ಜೋಡಿಯಾಗಿರಲಿ. ಎಲ್ಲಿ ಕೊಂಡರೂ ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಅನೇಕ ಅಂಗಡಿಗಳಲ್ಲಿ ಕೇಳದೆಯೇ ಮುಂದೆ ಹಾಕಿಬಿಡುತ್ತಾರೆ. ಶಿರಾ ಕಡೆಯ ಹೆದ್ದಾರಿಯಲ್ಲಿ ಜೋರು ಮಳೆಗೆ ಮುಂದಿನ ಟೈರ್ ಹಿಡಿತ ತಪ್ಪಿದರೆ ಕಾರು ನೇರಕ್ಕೆ ಜಾರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಚಾಲಕ ಹತೋಟಿಗೆ ತರಬಹುದು. ಹಿಂದಿನದು ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕರು ಅದನ್ನು ಹಿಡಿದು ನಿಲ್ಲಿಸಲಾರರು.